ಗದ್ದೆಯ ನಡುವೆ ನೆಟ್ಟಗೆ ನಿಂತ ಹೊಳೆಮ್ಮ

ಅರವತ್ತೆಂಟನೆಯ ಇಸವಿಯ ಆಷಾಢ ಮಾಸ. ಕಂಪ್ಲಿಯ ಅಂಚಿನ ಓಣಿಯಲ್ಲಿ ಹೊಳೆಮ್ಮ ಬೆಳಗಿನ ಹಾಲು ಕರೆದು ತಂಬಿಗೆಯನ್ನು ಒಳಗಿಡುತ್ತಿದ್ದಳು. ಆಗ ಮನೆಯ ಮುಂದೆ ಎತ್ತಿನ ಗಾಡಿಯೊಂದು ಬಂದು ನಿಂತಿತು. ಗಾಡಿಯಲ್ಲಿ ಹುಲ್ಲಿನ ಮೇಲೆ ಒಬ್ಬರು ಬೋರಲಾಗಿ ಮಲಗಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಮುಖ ಕಾಣುವಂತಿರಲಿಲ್ಲ. ಗಾಡಿಯ ಪಕ್ಕದಲ್ಲಿ ಶಾಲೆಯ ಜವಾನ ಹಾಲಸ್ವಾಮಿ ನಿಂತಿದ್ದ.

"ಹೊಳೆಮ್ಮಕ್ಕ, ಹೊರಗ ಬಾ. ನಮ್ಮ ಹೊಸ ಮೇಷ್ಟ್ರ ಬೆನ್ನು ಹಿಡ್ಕಂಡೈತಿ."

"ಏನು ಎತ್ತಾಕ ಹೋಗಿದ್ರು?"

ಹಾಲಸ್ವಾಮಿ ದನಿ ತಗ್ಗಿಸಿ, "ಸೀಮೆಸುಣ್ಣದ ತುಂಡು" ಎಂದ. "ಕೈಯಾಗಿಂದ ಜಾರಿ ಬಿತ್ತು. ಬಗ್ಗಿದ್ರು. ಬಗ್ಗಿದವರು ಹಂಗ ಉಳದ್ರು."

ಹೊಳೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುವ ಹೊತ್ತಲ್ಲ ಅದು. ಆಕೆಗೆ ಬೇರೊಂದು ಸಂಕಟ ಎದುರಾಗಿತ್ತು. ಆಕೆ ಪಾಯಾಳು. ಎಲ್ಲರಂತೆ ತಲೆ ಮೊದಲಾಗಿ ಹುಟ್ಟದೆ ಕಾಲು ಮೊದಲಾಗಿ ಹುಟ್ಟಿದವಳು. ಅಂಥವರು ಹಿಡಿದುಕೊಂಡ ಬೆನ್ನಿಗೆ ಹಿಮ್ಮಡಿಯಿಂದ ಮೂರು ಸಲ ಒದ್ದರೆ ನೋವು ಬಿಟ್ಟುಹೋಗುತ್ತದೆ ಎಂಬುದು ಆ ಸೀಮೆಯಲ್ಲಿ ಎಲ್ಲರ ನಂಬಿಕೆ. ಹೊಳೆಮ್ಮ ಹರೆಯದಿಂದಲೂ ಒದೆಯುತ್ತ ಬಂದವಳು. ಗಿರಣಿಯ ಹಮಾಲರನ್ನು ಒದ್ದಿದ್ದಳು, ಸಂಡೂರಿನ ಗಣಿಯಲ್ಲಿ ಅದಿರು ತುಂಬುವವರನ್ನು ಒದ್ದಿದ್ದಳು, ಹಂಪಿಯ ಕಡೆಯಿಂದ ಬಾಳೆಗೊನೆ ಹೊತ್ತು ಸೋತು ಬಂದವರನ್ನು ಒದ್ದಿದ್ದಳು, ಒಮ್ಮೆ ತನ್ನ ಮಾವನನ್ನೂ ಒದ್ದಿದ್ದಳು. ಆದರೆ ಅಕ್ಷರ ಕಲಿಸುವವರಿಗೆ ಕಾಲು ತಾಗಿಸುವುದೆಂದರೆ?

ಹಾಲಸ್ವಾಮಿಯೂ ಗಾಡಿಯವನೂ ಸೇರಿ ಮೇಷ್ಟ್ರನ್ನು ಇಳಿಸಿ ಕಟ್ಟೆಯ ಮೇಲೆ ಬೋರಲಾಗಿ ಮಲಗಿಸಿದರು. ಹೊಳೆಮ್ಮ ಅವರ ಪಾದದ ಬಳಿ ಕುಳಿತು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ತಪ್ಪು ತಿಳ್ಕಬ್ಯಾಡ್ರಿ ಮೇಷ್ಟ್ರೇ. ಒದಿಯೋಕಿಂತ ಮೊದಲು ಒಮ್ಮೆ, ಒದ್ದ ಮ್ಯಾಲ ಒಮ್ಮೆ ಕಾಲು ಮುಗಿತೀನಿ. ಲೆಕ್ಕ ಸರಿಹೋಕ್ಕೈತಿ."

"ಒದೀರಿ ತಾಯಿ" ಎಂದರು ಪಾಲಯ್ಯ ಮೇಷ್ಟ್ರು ಕಟ್ಟೆಯ ಕಲ್ಲಿಗೆ ಮುಖವೊತ್ತಿಕೊಂಡೇ. "ಪಾಪ ಪುಣ್ಯ ನಾನು ನೋಡಿಕೊಳ್ಳುತ್ತೇನೆ, ಮೊದಲು ಒದೀರಿ."

ಹೀಗೆ ಮೇಷ್ಟ್ರು ಹೊಳೆಮ್ಮನ ಮುಖ ನೋಡುವ ಮೊದಲೇ ಆಕೆಯ ಹಿಮ್ಮಡಿಯ ಪರಿಚಯ ಮಾಡಿಕೊಂಡರು. ಅದೇನು ಜೋರಿನ ಒದೆಯಲ್ಲ. ನೆಲ ತಟ್ಟಿ ನೋಡಿದಂತೆ ಮೂರು ಸಲ, ಅಷ್ಟೆ. ಆಮೇಲೆ ಆಕೆ ಅವರನ್ನು ಮಗ್ಗುಲಿಗೆ ಹೊರಳಿಸಿ, ಕೈಯೂರಿಸಿ ಏಳಿಸಿ ನಿಲ್ಲಿಸಿದಳು. ಮೇಷ್ಟ್ರು ಗಾಡಿಯ ಕಡೆಗೆ ತಿರುಗಿದರು. ಹೊಳೆಮ್ಮ ಅಡ್ಡ ನಿಂತಳು.

"ಗಾಡಿ ಹತ್ತಂಗಿಲ್ಲ. ಮನಿತನಕ ನಡಕೋತ ಹೋಗ್ಬೇಕು. ಹಿಂದಕ್ಕ ತಿರುಗಿ ನೋಡಂಗಿಲ್ಲ. ಹೋಗಿ ಮಲಗಿಬಿಟ್ರ ಒದ್ದಿದ್ದು ದಂಡ."

ಒದೆಯ ಜೊತೆಗೆ ಈ ಕಟ್ಟಳೆಯೂ ಆಕೆಯ ಅಜ್ಜಿಯ ಕಾಲದಿಂದ ಬಂದದ್ದು. ಮೇಷ್ಟ್ರು ಹಲ್ಲು ಕಚ್ಚಿ ನಡೆದರು. ಖಾಲಿ ಗಾಡಿ ಅವರ ಹಿಂದೆ ಹಿಂದೆ ಬಂತು. ಓಣಿಯ ತಿರುವಿನ ಹೊತ್ತಿಗೆ ಅವರ ಹೆಜ್ಜೆ ಸ್ವಲ್ಪ ಸಡಿಲವಾದದ್ದನ್ನು ಹೊಳೆಮ್ಮ ಕಟ್ಟೆಯ ಮೇಲಿನಿಂದ ನೋಡಿದಳು.

ಹೊಳೆಮ್ಮನಿಗೆ ಆ ಹೆಸರು ಬಂದದ್ದು ಹುಟ್ಟಿದ ಜಾಗದಿಂದ. ಆಕೆಯ ತಾಯಿ ಹೆರಿಗೆಗೆಂದು ತವರಿಗೆ ಹೊರಟು ಹರಿಗೋಲಿನಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದಾಗ ಬೇನೆ ಬಂತು. ಅಂಬಿಗ ದಡ ಮುಟ್ಟಿಸುವಷ್ಟರಲ್ಲಿ ಮಗುವಿನ ಎರಡು ಪಾದಗಳು ಹೊರಗೆ ಬಂದಿದ್ದವಂತೆ. ಮರಳಿನ ಮೇಲೆ ತಾಯಿ ಮಗು ಇಬ್ಬರೂ ಉಳಿದರು. "ನಡಕೋತ ಹುಟ್ಟಿದಾಕಿ ನಾನು" ಎಂದು ಹೊಳೆಮ್ಮ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳುವಾಗ ಆಕೆಯ ಗಲ್ಲ ಸ್ವಲ್ಪ ಮೇಲಕ್ಕೇರುತ್ತಿತ್ತು.

ಒದೆಯುವುದು ಆಕೆಯ ಕಸುಬಲ್ಲ. ಅದಕ್ಕೆ ಆಕೆ ಯಾರಿಂದಲೂ ಏನನ್ನೂ ಮುಟ್ಟುತ್ತಿರಲಿಲ್ಲ. ಆಕೆಯ ಕಸುಬು ನಾಟಿ. ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಿಟ್ಟ ಮೇಲೆ ಆ ಸೀಮೆಯ ಬಣ್ಣವೇ ಬದಲಾಗಿತ್ತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಎರೆಹೊಲಗಳು ಗದ್ದೆಗಳಾದವು. ವರ್ಷಕ್ಕೆ ಎರಡು ನೆಲ್ಲು. ಅಕ್ಕಿ ಗಿರಣಿಗಳ ಹೊಗೆಕೊಳವೆಗಳು ಸಾಲಾಗಿ ಎದ್ದವು. ಕಾಲುವೆಗೆ ನೀರು ಬಂತೆಂದರೆ ಸಸಿ ಹಚ್ಚಲು ಹೆಣ್ಣುಮಕ್ಕಳ ಗುಂಪುಗಳಿಗೆ ಕೂಗು ಬರುತ್ತಿತ್ತು. ಆ ಗುಂಪುಗಳಲ್ಲೆಲ್ಲ ಹೊಳೆಮ್ಮನ ಗುಂಪಿಗೆ ಹೆಸರು ಹೆಚ್ಚು, ಹೊಳೆಮ್ಮನೇ ಅದರ ಮೇಸ್ತ್ರಿ. ಗಿರಣಿಯ ಒಡೆಯ ಜಡೆಪ್ಪನಂತೂ ತನ್ನ ಗದ್ದೆಯ ಮಡಿಗಳಿಗೆ ಬೇರೆ ಗುಂಪನ್ನು ಇಳಿಸುತ್ತಿರಲಿಲ್ಲ.

ಆ ಹೆಸರಿಗೆ ಕಾರಣ ಆಕೆಯೇ ಮಾಡಿದ ಒಂದು ಕಟ್ಟುಪಾಡು. ನಾಟಿಯಲ್ಲಿ ಸಾಲಾಗಿ ಬಗ್ಗಿ, ಸಸಿ ಹಚ್ಚುತ್ತ ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಹೊಳೆಮ್ಮನ ಗುಂಪಿನಲ್ಲಿ, ಈ ಬದುವಿನಲ್ಲಿ ಬಗ್ಗಿದವರು ಆ ಬದು ಹಿಮ್ಮಡಿಗೆ ತಗಲುವವರೆಗೆ ಸೊಂಟ ಎತ್ತುವಂತಿರಲಿಲ್ಲ. ಮಡಿ ಎಷ್ಟೇ ಉದ್ದವಿರಲಿ, ಬಿಸಿಲು ಎಷ್ಟೇ ಇರಲಿ. ನಡುವೆ ಯಾರಾದರೂ ನೆಟ್ಟಗಾದರೋ, ಆ ದಿನವೆಲ್ಲ ಅವಳ ಹೆಸರು ಬಾಣಂತಿ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ "ಬಾಣಂತಿಗೆ ಮೊದಲು ಬಡಿಸ್ರವ್ವ, ಪಾಪ, ಹಸಿ ಮೈಯಾಕಿ" ಎಂದು ಎಲ್ಲರೂ ಸೇರಿ ಅವಳ ಕೈಗೆ ಮೊದಲ ರೊಟ್ಟಿ ಕೊಡುತ್ತಿದ್ದರು. ಆ ರೊಟ್ಟಿ ನುಂಗುವುದು ಕಷ್ಟ. ಹೊಳೆಮ್ಮ ಅದನ್ನು ಒಮ್ಮೆಯೂ ತಿಂದವಳಲ್ಲ. ಕೊಡುತ್ತಿದ್ದವಳೇ ಆಕೆ.

ವರ್ಷಗಳು ಸರಿದವು. ಮಗನ ಮದುವೆಯಾಯಿತು, ಸೊಸೆ ಚೆನ್ನಬಸಮ್ಮ ಮನೆಗೆ ಬಂದಳು. ಹೊಳೆಮ್ಮನಿಗೆ ಐವತ್ತು ದಾಟಿತು. ಬೆಳಗ್ಗೆ ಎದ್ದಾಗ ಬೆನ್ನು ಹಲಗೆಯಂತಿರುತ್ತಿತ್ತು. ಕಸ ಗುಡಿಸಿ ನೀರು ಸೇದುವ ಹೊತ್ತಿಗೆ ಸಡಿಲವಾಗುತ್ತಿತ್ತು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಪಾಯಾಳಿನ ಬೆನ್ನು ನೋಯುತ್ತದೆ ಎಂದು ಹೇಳಿಕೊಳ್ಳುವುದು ಹೇಗೆ?

ಎಂಬತ್ತೊಂದರ ಬೇಸಿಗೆ ಬೆಳೆಯ ನಾಟಿಯ ದಿನಗಳಲ್ಲಿ ಜಡೆಪ್ಪನ ದೊಡ್ಡ ಮಡಿಯಲ್ಲಿ ಅದು ತಾನಾಗಿ ಬಯಲಾಯಿತು. ಹೊಳೆಮ್ಮ ಒದ್ದೆಯಾದ ಸಸಿ ಕಟ್ಟೊಂದನ್ನು ಎತ್ತಿ, ಕೆಸರಿನಲ್ಲಿ ಹೂತ ಕಾಲು ಕದಲಿಸದೆ, ಸೊಂಟವನ್ನಷ್ಟೇ ತಿರುಗಿಸಿ ಪಕ್ಕದವಳ ಕಡೆಗೆ ಎಸೆದಳು. ಬೆನ್ನಿನ ಕೆಳಭಾಗದಲ್ಲಿ ಬಿಸಿ ಸಲಾಕೆ ಇಟ್ಟಂತಾಯಿತು. ಆ ಉರಿ ತೊಡೆಯ ಹಿಂಭಾಗದಲ್ಲಿ ಇಳಿದು ಮೀನಖಂಡದವರೆಗೆ ಹೋಯಿತು. ಆಕೆ ಕೆಸರಿನಲ್ಲಿ ಮಂಡಿಯೂರಿ ಕುಳಿತಳು. ಸಾಲಿನಲ್ಲಿ ಎರಡನೆಯವಳಾಗಿದ್ದ ಉಚ್ಚೆಂಗಮ್ಮ ಓಡಿ ಬಂದು ಹಿಡಿದುಕೊಂಡಳು. ಆ ದಿನ ಯಾರೂ ಬಾಣಂತಿ ಎನ್ನಲಿಲ್ಲ. ಹಾಗೆ ಅನ್ನದಿದ್ದದ್ದೇ ಹೊಳೆಮ್ಮನಿಗೆ ಹೆದರಿಕೆ ಹುಟ್ಟಿಸಿತು.

ಗಂಡ ಗಾದಿಲಿಂಗಪ್ಪ ಆಕೆಯನ್ನು ಗಾಡಿಯಲ್ಲಿ ಮನೆಗೆ ತಂದ. ಆಕೆಯನ್ನು ಒದೆಯಲು ಸುತ್ತಮುತ್ತ ಬೇರೆ ಪಾಯಾಳು ಇರಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಓಣಿಯಲ್ಲಿ ಒಂದು ಮಾತು ಹುಟ್ಟಿತು. ಯಾರು ಮೊದಲು ಆಡಿದರೋ ತಿಳಿಯದು, ಎಲ್ಲರೂ ನಂಬಿದರು. ಇಷ್ಟು ವರ್ಷ ಆಕೆ ಒದ್ದು ಬಿಡಿಸಿದ ನೋವೆಲ್ಲ ಎಲ್ಲಿಗೆ ಹೋಗಬೇಕು? ಆಕೆಯ ಕಾಲಿನಿಂದ ಹತ್ತಿ ಬೆನ್ನಿನಲ್ಲಿ ಸೇರಿಕೊಂಡಿದೆ. ಹಮಾಲರದ್ದು, ಗಣಿಯವರದ್ದು, ಬಾಳೆಯವರದ್ದು, ಎಲ್ಲವೂ ಅಲ್ಲಿ ಕುಳಿತಿದೆ. ಇನ್ನು ಆಕೆ ನೆಲಕ್ಕೆ ಕಾಲೂರಿದರೆ ಬೆನ್ನು ಮುರಿಯುತ್ತದೆ.

ಇದನ್ನು ಆಡಿದವರಿಗೆ ಆಕೆಯ ಮೇಲೆ ಕೆಟ್ಟ ಮನಸ್ಸಿರಲಿಲ್ಲ. ಆಕೆ ಒದ್ದು ಗುಣ ಮಾಡಿದವರೇ ಬಾಳೆಹಣ್ಣು, ಕೊಬ್ಬರಿ ಹಿಡಿದು ಬಂದು, ಬಾಗಿಲಲ್ಲಿ ನಿಂತು, "ನಮ್ಮ ಬ್ಯಾನಿ ತಗಂಡು ಮಲಗೈತಿ ನಮ್ಮವ್ವ" ಎಂದು ಕಣ್ಣು ಒರೆಸಿಕೊಂಡು ಹೋಗುತ್ತಿದ್ದರು. ಚೆನ್ನಬಸಮ್ಮ ಅತ್ತೆಯನ್ನು ಮಂಚದಿಂದ ಇಳಿಯಗೊಡಲಿಲ್ಲ. ಊಟ ಮಂಚಕ್ಕೆ, ನೀರು ಮಂಚಕ್ಕೆ. ಮೊದಲ ಕೆಲವು ದಿನ ಹೊಳೆಮ್ಮನಿಗೂ ಅದು ಬೇಕಾಗಿತ್ತು. ಆಮೇಲೆ ತಿಂಗಳಾಯಿತು, ಮತ್ತೊಂದು ತಿಂಗಳಾಯಿತು. ಉರಿ ಕಡಿಮೆಯಾಗಿತ್ತು. ಆದರೆ ಎದ್ದು ಕುಳಿತರೆ ತೊಡೆ ನಡುಗುತ್ತಿತ್ತು, ತಲೆ ತಿರುಗುತ್ತಿತ್ತು. ಅದನ್ನೂ ಆಕೆ ಒಳಗೆ ಕುಳಿತ ಮಂದಿಯ ನೋವೆಂದೇ ತಿಳಿದಳು. ಮುಂಗಾರಿನ ನೀರು ಬಿಡುವ ಕಾಲ ಹತ್ತಿರವಾಗುತ್ತಿತ್ತು. ಗುಂಪಿನ ಮುಂದೆ ನಿಲ್ಲುವವರು ಯಾರು? ಜಡೆಪ್ಪ ಆಗಲೇ ಉಚ್ಚೆಂಗಮ್ಮನಿಗೆ ಹೇಳಿ ಕಳಿಸಿದ್ದಾನೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನ ಹೊಳೆಮ್ಮ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಮಂಚದಿಂದ ಎದ್ದು ಮತ್ತೆ ಆ ಸಾಲಿನ ತುದಿಯಲ್ಲಿ ನಿಲ್ಲುತ್ತೇನೋ ಇಲ್ಲವೋ ಎಂಬುದೊಂದೇ ಆಕೆಯ ಚಿಂತೆ.

ಪಾಲಯ್ಯ ಮೇಷ್ಟ್ರು ನೋಡಲು ಬಂದರು. ಅಷ್ಟರಲ್ಲಿ ಅವರು ಕಂಪ್ಲಿಯವರೇ ಆಗಿಹೋಗಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೇಳಿದರು.

"ಹೊಳೆಮ್ಮಕ್ಕ, ಅವತ್ತು ನನ್ನನ್ನು ಗಾಡಿ ಹತ್ತಲು ಬಿಡದೆ ನಡೆಸಿದಿರಲ್ಲ. ನಿಮ್ಮನ್ನು ನಡೆಸುವವರು ಯಾರೂ ಇಲ್ಲವೇ?"

"ನಿಮ್ದು ಸೀಮೆಸುಣ್ಣದ ಬ್ಯಾನಿ ಮೇಷ್ಟ್ರೇ. ಒಬ್ಬರದ್ದು. ನಂದು ಊರಿಂದೆಲ್ಲ."

"ಅದರಲ್ಲಿ ನನ್ನದೂ ಇದೆಯೇನು?"

"ಇರ್ತೈತಿ, ಮೂಲ್ಯಾಗ ಎಲ್ಲ್ಯಾರ. ಸಣ್ಣದು."

ಮೇಷ್ಟ್ರು ನಕ್ಕರು, ಆಕೆಯೂ ನಕ್ಕಳು. ಆ ನಗುವಿನ ಎಳೆ ಹಿಡಿದೇ ಅವರು ಹೊಸಪೇಟೆಯ ಮೂಳೆ ಡಾಕ್ಟರರ ವಿಷಯ ತೆಗೆದರು. "ನನ್ನ ನೋವು ನಿಮ್ಮ ಹತ್ತಿರ ಇದ್ದರೆ ಎಕ್ಸರೇ ಫೋಟೋದಲ್ಲಿ ಕಾಣುತ್ತದಲ್ಲ, ನೋಡಿಯೇ ಬಿಡೋಣ" ಎಂದರು. ಗಾದಿಲಿಂಗಪ್ಪ ಮಾತು ಕಡಿಮೆಯ ಮನುಷ್ಯ. ಅವನು ಎದ್ದು ಹೋಗಿ ಮರುದಿನದ ಜೀಪೊಂದನ್ನು ಗೊತ್ತು ಮಾಡಿ ಬಂದ. ಮೇಷ್ಟ್ರೂ ಜೊತೆಗೆ ಹೊರಟರು.

ಹೊಸಪೇಟೆಯ ಆ ಡಾಕ್ಟರಮ್ಮ ಐವತ್ತರ ಹತ್ತಿರದವರು, ಧಾರವಾಡದ ಕಡೆಯವರು. ಮೊದಲು ಹೊಳೆಮ್ಮನನ್ನು ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡಿದರು, ಪಾದದ ಮೇಲೆ ಹತ್ತಿ ಆಡಿಸಿ ತಿಳಿಯುತ್ತದೆಯೇ ಎಂದು ಕೇಳಿದರು, ಮೂತ್ರಕ್ಕೆ ಹೋಗುವುದು ಸರಿಯಾಗಿದೆಯೇ ಎಂದು ವಿಚಾರಿಸಿದರು. ಆಮೇಲೆ ತಮ್ಮ ಅಂಗೈಯನ್ನು ಆಕೆಯ ಪಾದಕ್ಕೆ ಒತ್ತಿ ಹಿಡಿದು, "ನೂಕು ನೋಡೋಣ, ನನ್ನ ಕೈ ಒದಿ" ಎಂದರು.

ಹೊಳೆಮ್ಮ ಹಿಂಜರಿದಳು. "ಬ್ಯಾಡ್ರಿ ಅಮ್ಮ. ನನ್ನ ಕಾಲಿನ ಸುದ್ದಿ ನಿಮಗ ಗೊತ್ತಿಲ್ಲ."

"ಗೊತ್ತಿಲ್ಲ ಅಂತಲೇ ಒದಿ ಅಂತೀನಿ."

ಹೊಳೆಮ್ಮ ಒದ್ದಳು. ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡರು. "ಕಾಲಿಗೇನೂ ಆಗಿಲ್ಲವ್ವ" ಎಂದರು ಅಂಗೈ ಉಜ್ಜಿಕೊಳ್ಳುತ್ತ.

ಎಕ್ಸರೇ ತೆಗೆಸಿದ್ದಾಯಿತು. ಕಪ್ಪು ಹಾಳೆಯನ್ನು ದೀಪಕ್ಕೆ ಹಿಡಿದು ಡಾಕ್ಟರಮ್ಮ ತೋರಿಸಿದರು. ಒಂದರ ಮೇಲೊಂದು ಎಲುಬಿನ ಬಿಲ್ಲೆಗಳು, ನಡುನಡುವೆ ಸಂದು. ಆ ಸಂದಿನಲ್ಲಿ ಮೆತ್ತೆಯಂಥದ್ದು ಇರುತ್ತದೆ, ಅದು ಈ ಹಾಳೆಯಲ್ಲಿ ಕಾಣುವುದಿಲ್ಲ, ಸಂದು ಕಿರಿದಾದರೆ ಮೆತ್ತೆ ಸವೆದಿದೆ ಎಂದು ತಿಳಿಯಬೇಕು ಎಂದರು. ಕೆಳಗಿನ ಎರಡು ಸಂದು ಉಳಿದವಕ್ಕಿಂತ ಕಿರಿದಾಗಿದ್ದವು. ಅಲ್ಲಿಯದೊಂದು ಮೆತ್ತೆ ಉಬ್ಬಿ ಕಾಲಿನ ನರವನ್ನು ತಾಗಿರಬೇಕು, ಅದಕ್ಕೇ ಕಾಲು ಉರಿದದ್ದು.

"ಇದರಾಗ ಮಂದಿ ನೋವು ಎಲ್ಲೈತ್ರಿ?" ಎಂದು ಕೇಳಿದಳು ಹೊಳೆಮ್ಮ.

ಡಾಕ್ಟರಮ್ಮ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಪಾಯಾಳಿನ ಕಥೆಯನ್ನೂ ಓಣಿಯ ಮಾತನ್ನೂ ಹೇಳಿದರು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕುಳಿತರು.

"ಮಂದೀದು ಯಾವುದೂ ಇಲ್ಲ. ಇದೆಲ್ಲ ನಿಂದೇ. ತಲೆಗೂದಲು ಬೆಳ್ಳಗಾಗಿಲ್ಲೇನು? ಹಂಗ ಒಳಗ ಇವೂ ಒಣಗತಾವ, ತಗ್ಗತಾವ. ನನ್ನ ಬೆನ್ನಿನ ಫೋಟೋ ತಗದ್ರೂ ಹಿಂಗೇ ಇರ್ತದ. ಮೇಷ್ಟ್ರದ್ದೂ ಹಿಂಗೇ. ಸವೆದದ್ದೆಲ್ಲ ನೋಯ್ತದ ಅಂತಿಲ್ಲ. ನಿಂಗ ಅವತ್ತು ಕೆರಳ್ತು, ಈಗ ತಣ್ಣಗಾಗ್ಲಿಕ್ಕತ್ತದ."

"ಹಂಗಾರ ಕಾಲೂರಿದ್ರ ಮುರಿಯಂಗಿಲ್ಲೇನ್ರಿ?"

"ಮಲಗಿದ್ರ ಕೆಡ್ತದ. ಬೆನ್ನು ಹಿಡಿಯೋದು ಸುತ್ತಿನ ಮಾಂಸ. ಎರಡು ತಿಂಗಳು ಮಲಗಿ ಅದನ್ನ ಸೊರಗಿಸೀದಿ. ಈ ನಡುಕ ಅದರದ್ದು." ಆಮೇಲೆ ಕುತೂಹಲದಿಂದ ಕೇಳಿದರು: "ನಿನ್ನ ಹತ್ತಿರ ಬಂದವರನ್ನ ಒದ್ದು ಏನು ಮಾಡ್ತಿದ್ದಿ?"

"ಗಾಡಿ ಹತ್ತಸಂಗಿಲ್ರಿ. ಮನಿತನಕ ನಡಸ್ತೀನಿ. ಮಲಗಬ್ಯಾಡ್ರಿ ಅಂತೀನಿ."

"ಒದಿಯೋದರ ಸಂಗತಿ ನನಗ ಗೊತ್ತಿಲ್ಲ. ನಡಸೋದು ಮಾತ್ರ ನಾನು ಬರೆದು ಕೊಡೋ ಔಷಧನೇ. ಅದನ್ನ ಎಲ್ಲರಿಗೂ ಕೊಟ್ಟು ನೀನೊಬ್ಬಾಕಿ ಯಾಕ ತಗೊಳ್ಳಲಿಲ್ಲ?"

ಹೊಳೆಮ್ಮ ನೆಲದ ಮೇಲಿದ್ದ ತನ್ನ ಪಾದಗಳನ್ನು ನೋಡುತ್ತ ಕುಳಿತಳು.

ಡಾಕ್ಟರಮ್ಮ ಕೆಲವು ಮಾತುಗಳನ್ನು ಗಟ್ಟಿಯಾಗಿ ಹೇಳಿ ಕಳಿಸಿದರು. ದಿನವೂ ನಡೆಯಬೇಕು, ಸ್ವಲ್ಪದಿಂದ ಶುರು ಮಾಡಿ ಹೆಚ್ಚಿಸಬೇಕು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿ ಇಳಿಸಬೇಕು. ಭಾರ ಎತ್ತುವಾಗ ಮಂಡಿ ಬಗ್ಗಿಸಿ, ಮೈಗೆ ತಗುಲಿಸಿ ಎತ್ತಬೇಕು. ತಿರುಗುವುದಾದರೆ ಪಾದ ಸಮೇತ ತಿರುಗಬೇಕು. ನೋವು ಮತ್ತೆ ಬರುತ್ತದೆ, ಬಂದಾಕ್ಷಣ ಮುರಿಯಿತೆಂದು ತಿಳಿಯಬಾರದು. ಒಂದೆರಡು ದಿನ ಕಡಿಮೆ ಮಾಡಿ ಮತ್ತೆ ನಡೆಯಬೇಕು. ಆದರೆ ಕಾಲು ಸೋತು ಬಿದ್ದರೆ, ತೊಡೆಯ ಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ಆ ಗಳಿಗೆಯಲ್ಲೇ ಬರಬೇಕು. "ಗದ್ದಿ?" ಎಂದು ಹೊಳೆಮ್ಮ ಕೇಳಿದಳು. "ಹೋಗು" ಎಂದರು ಡಾಕ್ಟರಮ್ಮ. "ಗದ್ದಿ ತಪ್ಪಲ್ಲ. ಬಗ್ಗಿದಾಕಿ ಬಗ್ಗೇ ಇರೋದು ತಪ್ಪು. ನಡುನಡುವೆ ಎದ್ದು ನಿಲ್ಲು."

ಉಳಿದೆಲ್ಲ ಸುಲಭವಾಗಿ ಒಪ್ಪಿದ ಹೊಳೆಮ್ಮನಿಗೆ ಈ ಕೊನೆಯ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು.

ಮರುದಿನ ಬೆಳಗ್ಗೆ ಆಕೆ ಮಂಚದಿಂದ ಇಳಿದಾಗ ಚೆನ್ನಬಸಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅತ್ತಿ, ಬ್ಯಾಡ. ನೀವು ಎಲ್ಲ್ಯಾರ ಬಿದ್ರ, ಸೊಸಿ ಮುದುಕಿನ ಮಲಗಾಕ ಬಿಡಲಿಲ್ಲ ಅಂತಾರ ಮಂದಿ."

"ಹಂಗಾರ ನೀನೂ ಬಾ. ಬಿದ್ರ ಹಿಡಿ. ಇಲ್ಲಂದ್ರ ಸೊಸಿ ದೂರ ನಿಂತು ನೋಡಿದ್ಳು ಅಂತಾರ."

ಹೀಗೆ ಅತ್ತೆ ಸೊಸೆ ಇಬ್ಬರೂ ಕಾಲುವೆಯ ದಂಡೆಗೆ ಹೊರಟರು. ಮೊದಲ ದಿನ ಬೇವಿನ ಮರದವರೆಗೆ. ಕೆಲವು ದಿನ ಕಳೆದ ಮೇಲೆ ಬಟ್ಟೆ ಒಗೆಯುವ ಕಲ್ಲಿನವರೆಗೆ. ನೀರಿಲ್ಲದ ಕಾಲುವೆಯ ತಳದಲ್ಲಿ ಹುಡುಗರು ಚೆಂಡಾಡುತ್ತಿದ್ದರು. ಎದುರಿಗೆ ಬಂದವರು ನಿಂತು ನೋಡುತ್ತಿದ್ದರು, ಕೆಲವರು "ಯವ್ವಾ, ನಮ್ಮ ಬ್ಯಾನಿ ಅಲುಗಾಡೀತು, ಹಗೂರಕ ನಡಿ" ಎನ್ನುತ್ತಿದ್ದರು. "ನಿಮ್ದು ಒಂದೂ ಇಲ್ಲ ನನ್ನ ಹತ್ರ. ಹೊಸಪೇಟ್ಯಾಗ ಫೋಟೋ ತೆಗಿಸಿ ನೋಡೇನಿ. ಎಲ್ಲ ನಂದ ಐತಿ" ಎಂದು ಹೊಳೆಮ್ಮ ಮುಂದೆ ಹೋಗುತ್ತಿದ್ದಳು.

ಒಂದು ಬೆಳಗ್ಗೆ ಉರಿ ಮತ್ತೆ ಕಾಲಿಗೆ ಇಳಿಯಿತು. ಚೆನ್ನಬಸಮ್ಮ ಅಳುವಂತಾದಳು. ಹೊಳೆಮ್ಮ ಆ ದಿನ ಅಂಗಳದಲ್ಲಷ್ಟೇ ಸುತ್ತಿದಳು, ಮರುದಿನವೂ ಅಷ್ಟೆ. ರಾತ್ರಿ ಮಲಗುವಾಗ ಗಂಡನಿಗೆ, "ಮುರಿದಿಲ್ಲ ಅಂದಾರ, ಅಲ್ಲೇನ್ರಿ?" ಎಂದು ಕೇಳಿದಳು. "ಮುರಿದಿಲ್ಲ ಅಂದಾರ" ಎಂದ ಗಾದಿಲಿಂಗಪ್ಪ. ಮೂರನೆಯ ದಿನ ಆಕೆ ಮತ್ತೆ ದಂಡೆ ಹತ್ತಿದಳು. ಕಾಲುವೆಗೆ ನೀರು ಬಂದು ಕೆಂಪಗೆ ತುಂಬಿ ಹರಿಯುವ ಹೊತ್ತಿಗೆ ಅತ್ತೆ ಸೊಸೆ ತೂಬಿನವರೆಗೆ ಹೋಗಿ ಬರುತ್ತಿದ್ದರು. ನೀರಗಂಟಿ ಹುಸೇನಪ್ಪ ಅಲ್ಲಿ ತೂಬಿನ ಕಟ್ಟೆಯ ಮೇಲೆ ಅವರಿಗಾಗಿ ಜಾಗ ಒರೆಸಿಡುತ್ತಿದ್ದ. ಹೊಳೆಮ್ಮ ಕುಳಿತುಕೊಳ್ಳುತ್ತಿರಲಿಲ್ಲ.

ನಾಟಿ ಶುರುವಾಯಿತು. ಜಡೆಪ್ಪನ ದೊಡ್ಡ ಮಡಿಗೆ ಗುಂಪು ಇಳಿಯುವ ದಿನ ಹೊಳೆಮ್ಮ ಸೀರೆ ಎತ್ತಿ ಕಟ್ಟಿ ಬದುವಿನ ಮೇಲೆ ನಿಂತಿದ್ದಳು. ಸಾಲಿನ ತುದಿಯಲ್ಲಿದ್ದ ಉಚ್ಚೆಂಗಮ್ಮ ಸಸಿ ಕಟ್ಟನ್ನು ಕೆಳಗಿಟ್ಟು ಬಂದಳು.

"ಅಕ್ಕ, ಮನಿಗೆ ಹೋಗು. ನೀ ಬದುವಿನ ಮ್ಯಾಲ ಕುಂದ್ರು ಬೇಕಾರ. ಮೇಸ್ತ್ರಿ ನೀನ. ಕೆಲಸ ನಾವು ಮಾಡ್ತೀವಿ."

"ಬದುವಿನ ಮ್ಯಾಲ ಕುಂದ್ರಾಕ ಕೊಕ್ಕರಿ ಅದಾವ. ಸರಿ ಅತ್ತಾಗ."

"ಮತ್ತ ಬಿದ್ರ? ಉಚ್ಚೆಂಗಿ ತನ್ನ ಜಾಗಕ್ಕ ಬೀಳ್ಸಿದ್ಲು ಅಂತಾರ ನನಗ."

"ಬೀಳಂಗಿಲ್ಲ. ಬಿದ್ರ ಕೆಸರಾಗ ಬೀಳ್ತೀನಿ, ಮೆತ್ತಗಿರ್ತೈತಿ."

ಉಚ್ಚೆಂಗಮ್ಮ ಜಾಗ ಬಿಟ್ಟುಕೊಟ್ಟಳು. ಮೊದಲ ಹಿಡಿ ಸಸಿಯನ್ನು ಈಶಾನ್ಯದ ಮೂಲೆಯಲ್ಲಿ ಮೇಸ್ತ್ರಿಯೇ ಹಚ್ಚಬೇಕು. ಹೊಳೆಮ್ಮ ಕಾಲು ಅಗಲಿಸಿ, ಮಂಡಿ ಸಡಿಲ ಬಿಟ್ಟು ಬಗ್ಗಿ ಹಚ್ಚಿದಳು. ಸಾಲೆಲ್ಲ ಬಗ್ಗಿತು. ಹಾಡು ಎದ್ದಿತು. ಹಿಂದೆ ಹಿಂದೆ ಹೆಜ್ಜೆ.

ಕೈ ತನ್ನ ಲಯವನ್ನು ಮರೆತಿರಲಿಲ್ಲ. ಬೆನ್ನಿನಲ್ಲಿ ಮೆಲ್ಲಗೆ ಬಿಗಿತ ಏರತೊಡಗಿತು. ಅದು ಸಲಾಕೆಯಲ್ಲ, ಇನ್ನೂ ಬರಿಯ ಬಿಗಿತ. ಬಗ್ಗಿದ ಕಣ್ಣಿಗೆ ತನ್ನ ಕಾಲುಗಳ ನಡುವೆ ಹಿಂದಿನ ಬದು ಕಾಣುತ್ತಿತ್ತು. ಬಹಳ ದೂರವಿತ್ತು. ಹಲ್ಲು ಕಚ್ಚಿದರೆ ಮುಟ್ಟಬಹುದು. ಮುಟ್ಟಿದರೆ ಸಂಜೆ ಗಾಡಿಯಲ್ಲಿ ಮನೆಗೆ ಹೋಗಬೇಕಾದೀತು, ಆಮೇಲೆ ಮಂಚ, ಆಮೇಲೆ ಗೋಡೆ. ಇಲ್ಲವೇ ಈಗ, ಮಡಿಯ ನಟ್ಟನಡುವೆ, ತನ್ನ ಕೈಯಿಂದ ಆ ರೊಟ್ಟಿ ತಿಂದವರೆಲ್ಲರ ಕಣ್ಣೆದುರಿಗೆ ಎದ್ದು ನಿಲ್ಲಬೇಕು.

ಹೊಳೆಮ್ಮ ಎದ್ದು ನಿಂತಳು.

ಎರಡೂ ಅಂಗೈಯನ್ನು ಸೊಂಟಕ್ಕೆ ಕೊಟ್ಟು, ಎದೆಯುಬ್ಬಿಸಿ ಸ್ವಲ್ಪ ಹಿಂದಕ್ಕೆ ಬಾಗಿದಳು. ಎದುರಿಗೆ ತುಂಬಿದ ಗದ್ದೆಗಳಾಚೆ ಹಂಪಿಯ ಕಡೆಯ ಬಂಡೆಗುಡ್ಡಗಳು ಕಂಡವು. ಇಷ್ಟು ವರ್ಷ ಈ ಮಡಿಯಲ್ಲಿ ದುಡಿದರೂ ನಡುಗದ್ದೆಯಿಂದ ಅವು ಹೀಗೆ ಕಾಣುತ್ತವೆ ಎಂದು ಆಕೆಗೆ ತಿಳಿದಿರಲಿಲ್ಲ. ಹಾಡು ನಿಂತುಹೋಗಿತ್ತು. ಬಗ್ಗಿದ ಬೆನ್ನುಗಳ ಸಾಲಿನಿಂದ ಮುಖಗಳಷ್ಟೇ ಮೇಲಕ್ಕೆ ತಿರುಗಿದ್ದವು.

"ಯಾಕ, ನಾಲಿಗಿ ಬಿದ್ದಾವೇನು?" ಎಂದಳು ಹೊಳೆಮ್ಮ. "ಬೇರೆಯಾಕಿ ಎದ್ದಿದ್ರ ಇಷ್ಟೊತ್ತಿಗೆ ಏನಂತಿದ್ರಿ? ಅನ್ರಿ."

ಉಚ್ಚೆಂಗಮ್ಮ ಬಗ್ಗಿದಲ್ಲಿಂದಲೇ ಮೆಲ್ಲಗೆ, "ಬಾಣಂತಿ" ಎಂದಳು.

"ಹೌದು. ಯಾವ ಕೂಸು ಅಂತ ಕೇಳು."

"ಯಾವ ಕೂಸು?"

"ಬೆನ್ನು. ಐವತ್ತು ವರ್ಷ ಹೊತ್ತೀನಿ, ಈಗ ಹುಟ್ಟೈತಿ. ಇದಕ್ಕ ಆಗಾಗ ಎದ್ದು ಹಾಲು ಕೊಡಬೇಕಂತ. ಡಾಕ್ಟರಮ್ಮ ಹೇಳ್ಯಾಳ."

ಯಾರೋ ಒಬ್ಬಳು ಕಿಸಕ್ಕೆಂದಳು. ನಗು ಸಾಲಿನ ಉದ್ದಕ್ಕೂ ಹರಿಯಿತು. ನಗುವವಳು ಬಗ್ಗಿ ನಗಲಾರಳು. ಒಬ್ಬಳು ನೆಟ್ಟಗಾದಳು, ಇನ್ನೊಬ್ಬಳು ನೆಟ್ಟಗಾದಳು. ಮುದುಕಮ್ಮನೆಂಬ ಹಿರಿಯಳು ಸೊಂಟಕ್ಕೆ ಕೈಕೊಟ್ಟು ಎದ್ದು, "ನಾ ಯಾವತ್ತಿನಿಂದ ಕಾಯ್ತಿದ್ನೋ ಇದಕ್ಕ" ಎಂದಳು. ಕೊನೆಗೆ ಉಚ್ಚೆಂಗಮ್ಮನೂ ಎದ್ದಳು. ಗುಂಪೆಲ್ಲ ನಡುಗದ್ದೆಯಲ್ಲಿ ನಿಂತು ಗುಡ್ಡ ನೋಡಿತು. ಆಮೇಲೆ ಹೊಳೆಮ್ಮ ಬಗ್ಗಿದಳು, ಎಲ್ಲರೂ ಬಗ್ಗಿದರು. ಹಿಂದಿನ ಬದು ತಗಲುವ ಮೊದಲು ಇನ್ನೊಂದು ಸಲ ಎದ್ದರು. ಹೊತ್ತು ನೆತ್ತಿಗೇರುವ ಮೊದಲೇ ಆ ಮಡಿ ಮುಗಿಯಿತು. ಜಡೆಪ್ಪ ಸಾಲುಗಳ ನೇರವನ್ನಷ್ಟೇ ನೋಡಿ ತಲೆಯಾಡಿಸಿ ಹೋದ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಉಚ್ಚೆಂಗಮ್ಮ ಮೊದಲ ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಾಕಿ ಹೊಳೆಮ್ಮನ ಕೈಗಿಟ್ಟಳು. "ಬಾಣಂತಿಗೆ ಮೊದಲು" ಎಂದಳು. ಹೊಳೆಮ್ಮ ಆ ರೊಟ್ಟಿಯನ್ನು ಪೂರ್ತಿ ತಿಂದಳು. ಸಂಜೆ ಗಾದಿಲಿಂಗಪ್ಪ ಗಾಡಿ ತಂದು ಕಾಲುವೆಯ ದಂಡೆಯ ಮೇಲೆ ನಿಲ್ಲಿಸಿದ್ದ. ಆಕೆ ಹತ್ತಲಿಲ್ಲ. ಖಾಲಿ ಗಾಡಿ ಹಿಂದೆ ಬಂತು.

ಅದಾಗಿ ಹದಿನೈದು ವರ್ಷ ಕಳೆದಿದೆ. ಹೊಳೆಮ್ಮನಿಗೆ ಈಗ ಅರವತ್ತೇಳು. ಬೆನ್ನು ಪೂರ್ತಿ ವಾಸಿಯಾಯಿತೆಂದು ಆಕೆ ಹೇಳುವುದಿಲ್ಲ. ಚಳಿಗಾಲದ ಬೆಳಗ್ಗೆ ಬಿಗಿಯುತ್ತದೆ, ವರ್ಷಕ್ಕೊಮ್ಮೆ ಕೆರಳಿ ಕಾಲಿಗೆ ಇಳಿಯುತ್ತದೆ. ಆಕೆ ಅಂಗಳ ಸುತ್ತಿ, ಮೂರನೆಯ ದಿನ ದಂಡೆ ಹತ್ತುತ್ತಾಳೆ. ಆ ಎಕ್ಸರೇ ಹಾಳೆ ಪಡಸಾಲೆಯ ಕಿಟಕಿಯಲ್ಲಿ, ದೇವರ ಪಟಗಳ ಪಕ್ಕದಲ್ಲೇ ತೂಗುತ್ತಿದೆ. ಹೋದ ದೀಪಾವಳಿ ಅಮಾವಾಸ್ಯೆಯ ಗ್ರಹಣ ನೋಡಲು ಮೊಮ್ಮಗಳು ಅದನ್ನು ಕೇಳಿದಾಗ, "ನನ್ನ ಬೆನ್ನಿನಾಗ ಸೂರ್ಯನ್ನ ಹಾಯಿಸಬ್ಯಾಡ, ಕಣ್ಣು ಸುಡ್ತಾವ" ಎಂದು ಕೊಡಲಿಲ್ಲ.

ನಾಟಿಯ ಕಾಲದಲ್ಲಿ ಆಕೆ ಈಗಲೂ ಮೇಸ್ತ್ರಿ. ಮೊದಲ ಹಿಡಿಯನ್ನೂ ಒಂದೆರಡು ಪಟ್ಟಿಯನ್ನೂ ತಾನು ಹಚ್ಚಿ, ಉಳಿದ ಹೊತ್ತು ಸಸಿ ಕಟ್ಟುಗಳನ್ನು ಎದೆಗವಚಿಕೊಂಡು ಬದುವಿನ ಮೇಲೆ ಓಡಾಡುತ್ತ ಹಂಚುತ್ತಾಳೆ. ಸಾಲು ನಡುಗದ್ದೆಗೆ ಬಂದಾಗ "ಬಾಣಂತ್ಯಾರು ಏಳ್ರವ್ವ" ಎಂದು ಕೂಗುತ್ತಾಳೆ. ಸಾಲೆಲ್ಲ ಏಳುತ್ತದೆ. ಅಕ್ಕಪಕ್ಕದ ಮಡಿಗಳ ಗುಂಪುಗಳೂ ಆ ಕೂಗಿಗೆ ಏಳುತ್ತವೆ.

ಬೆನ್ನು ಹಿಡಿದವರು ಇಂದಿಗೂ ಆಕೆಯ ಬಾಗಿಲಿಗೆ ಬರುತ್ತಾರೆ. ಆದರೆ ಕಟ್ಟಳೆ ಸ್ವಲ್ಪ ತಿರುಗಿದೆ. ಮೊದಲು ಆಕೆ ಅವರನ್ನು ಕೂರಿಸಿ, ತನ್ನ ಪಾದಕ್ಕೆ ಅವರ ಪಾದ ಕೊಟ್ಟು ಒತ್ತಿ ನೋಡುತ್ತಾಳೆ. ಕಾಲು ಸೋತಿದ್ದರೆ, ಮೂತ್ರದ ತೊಂದರೆ ಇದ್ದರೆ, ಜ್ವರವಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಮುಟ್ಟದೆ ಹೊಸಪೇಟೆಯ ಬಸ್ಸು ಹತ್ತಿಸುತ್ತಾಳೆ. ಉಳಿದವರನ್ನು ಒದೆಯುವ ಮೊದಲೇ ನಡೆಸುತ್ತಾಳೆ. ತೂಬಿಗೆ ಹೋಗಿ ಮರಳಿ ಬಂದವರಿಗೆ ಹಿಮ್ಮಡಿಯನ್ನು ಮೂರು ಸಲ ಸುಮ್ಮನೆ ತಾಗಿಸುತ್ತಾಳೆ. ನಡೆದು ಬಂದ ಮೇಲೆ ಒದೆ ಬೇಡವೆನ್ನುವವರೂ ಇದ್ದಾರೆ. "ಇಷ್ಟು ದೂರ ಬಂದೀದಿ, ತಗಂಡು ಹೋಗು" ಎನ್ನುತ್ತಾಳೆ.

ನಿವೃತ್ತರಾದ ಪಾಲಯ್ಯ ಮೇಷ್ಟ್ರು ದಿನವೂ ಬೆಳಗ್ಗೆ ಆ ನಡಿಗೆಗೆ ಬಂದು ಸೇರುತ್ತಾರೆ. ಅವರು ಸ್ವಲ್ಪ ಹಿಂದೆ ಬಿದ್ದರೆ ಹೊಳೆಮ್ಮ ತಿರುಗಿ ನೋಡದೆಯೇ, "ಏನು ಬಿತ್ರಿ ಮೇಷ್ಟ್ರೇ, ಸೀಮೆಸುಣ್ಣ?" ಎಂದು ಕೇಳುತ್ತಾಳೆ. ಈ ದಿನ ಸಂಡೂರಿನ ಕಡೆಯ ವಡ್ಡು ಗ್ರಾಮದಿಂದ ಲಾರಿ ಚಾಲಕನೊಬ್ಬ ಬಂದಿದ್ದಾನೆ. ನೀರು ತುಂಬಿ ಹರಿಯುವ ಕಾಲುವೆಯ ದಂಡೆಯ ಮೇಲೆ ಅವನು ಸೊಂಟ ಹಿಡಿದು ನಿಂತು, "ಇನ್ನೂ ಎಷ್ಟು ದೂರ ಯವ್ವಾ, ಇಲ್ಲೇ ಒದ್ದುಬಿಡು" ಎನ್ನುತ್ತಿದ್ದಾನೆ. ಹೊಳೆಮ್ಮ ಮುಂದೆ ಮುಂದೆ ಹೆಜ್ಜೆ ಹಾಕುತ್ತಿದ್ದಾಳೆ. "ಅಗ, ಅಲ್ಲಿ ಕಾಣ್ತೈತಲ್ಲ ತೂಬು" ಎನ್ನುತ್ತಿದ್ದಾಳೆ. "ಬಾ."